ಮೋಟರು ಕಟ್ಟುವವಳ ಮನೆಯಲ್ಲಿ ನೀರಿಲ್ಲ

ಬೆಳಗಿನ ಐದು ಗಂಟೆ. ಶಹಾಪುರದ ಹಳೆ ಓಣಿಯೊಂದರ ಬಾಡಿಗೆ ಮನೆಯ ಪಡಸಾಲೆಯಲ್ಲಿ ಹಜರಾಬೀ ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದಾರೆ. ತುಟಿ ಮಾತ್ರ ಅಲುಗುತ್ತದೆ: ಅರವತ್ತೊಂದು, ಅರವತ್ತೆರಡು. ಎಣಿಕೆ ತಪ್ಪಿದರೆ ಸುಟ್ಟ ಮೋಟರು ಮತ್ತೆ ಸುಡುತ್ತದೆ. ಅದಕ್ಕೇ ಓಣಿ ಏಳುವ ಮುಂಚೆ ಕೂರುತ್ತಾರೆ. ಆಮೇಲೆ ಎರಡು ಕೊಡ ಎತ್ತಿಕೊಂಡು ಓಣಿ ಮೂಲೆಯ ನಳಕ್ಕೆ ನಡೆಯುತ್ತಾರೆ. ಸುತ್ತಲ ಹೊಲಗಳಿಗೆ ನೀರೆತ್ತುವ ಮೋಟರು ಕಟ್ಟಿಕೊಡುವ ಈ ಹೆಂಗಸಿನ ಮನೆಯಲ್ಲಿ ನಾಲ್ಕು ತಿಂಗಳಿಂದ ನೀರಿಲ್ಲ.

ಕೆಲಸ ಕಲಿಸಿದ್ದು ಗಂಡ. ಹನ್ನೊಂದು ವರ್ಷದ ಹಿಂದೆ ಲಕ್ವಾ ಹೊಡೆದು ಅವರ ಬಲಗೈ ಬಿತ್ತು. ಅವರು ಮಂಚದ ಮೇಲೆ ಮಲಗಿ ಹೇಳುತ್ತಿದ್ದರು, ಈಕೆ ಮಾಡುತ್ತಿದ್ದರು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು, ಆ ದನಿಯೂ ನಿಂತಿತು. ಈಗ ದಿನಕ್ಕೆ ಎರಡು ಮೋಟರು, ಬೇಸಿಗೆಯಲ್ಲಿ ಮೂರು. ಸುಟ್ಟ ತಂತಿಯನ್ನು ಉಳಿಯಿಂದ ಕಡಿದು ತೆಗೆಯುವಾಗ ಬೆರಳು ಸೀಳುತ್ತವೆ. ತಂತಿಗೆ ಬಳಿಯುವ ವಾರ್ನಿಷ್ ವಾಸನೆಗೆ ಕೆಮ್ಮು ಬಿಟ್ಟಿಲ್ಲ. ಗೋಗಿ, ಬೋನಾಳದಂಥ ಹಳ್ಳಿಗಳಿಂದ ಆಟೊದಲ್ಲಿ ಮೋಟರು ಹೇರಿಕೊಂಡು ಬಂದ ಹೊಸಬರು ಇವರನ್ನೇ ಕೇಳುತ್ತಾರೆ, ಮಿಸ್ತ್ರಿ ಎಲ್ಲಿ ಹೋಗ್ಯಾರ ಎಂದು.

"ನಿಮ್ಮ ಮುಂದ ಕುಂತಾರ, ಮೋಟರ್ ಇಳಸ್ರಿ," ಅನ್ನುತ್ತಾರೆ ಹಜರಾಬೀ.

ಇವರಿರುವ ಅಂಗಳದಲ್ಲಿ ಐದು ಬಾಡಿಗೆ ಮನೆ, ಒಂದೇ ಬೋರು, ಅದರ ಪಕ್ಕದ ಕಟ್ಟೆಯ ಮೇಲೆ ಒಂದೇ ಮೋಟರು. ನಾಲ್ಕು ತಿಂಗಳ ಹಿಂದೆ ಅದು ಸುಟ್ಟಿತು. ಮಾಲೀಕ ಮುಸ್ತಫಾ ಇವತ್ತು, ನಾಳೆ, ಶುಕ್ರವಾರದ ಜುಮ್ಮಾ ಆಗಲಿ ಎಂದು ದಿನ ತಳ್ಳಿದ. ಯಾಕೆಂದು ಎಲ್ಲರಿಗೂ ಗೊತ್ತು. ಹಳೆ ಬಾಡಿಗೆಯವರು ಎದ್ದು ಹೋದರೆ ಮನೆ ಕೆಡವಿ ಅಂಗಡಿ ಸಾಲು ಎಬ್ಬಿಸಬಹುದು. ಮನೆ ಬಿಡಿ ಅನ್ನಲು ನೋಟಿಸು ಬೇಕು. ನೀರಿಲ್ಲದೆ ಸಾಯಿರಿ ಅನ್ನಲು ಯಾವ ಕಾಗದವೂ ಬೇಡ. ಇಂಥವನಿಗೆ ಊರು ಎದ್ದು ನಿಂತು ಸಲಾಂ ಹೊಡೆಯುತ್ತದೆ. ಎರಡು ಮನೆ ಆಗಲೇ ಖಾಲಿಯಾಗಿವೆ.

ಪಕ್ಕದ ಮನೆಯ ದೇವಕಮ್ಮನಿಗೆ ಎಪ್ಪತ್ತು ದಾಟಿದೆ. ಕೊಡ ಹೊತ್ತು ಬರುವಾಗ ಜಾರಿ ಬಿದ್ದು ಸೊಂಟ ಮುರಿಯಿತು. ಅವತ್ತೇ ಹಜರಾಬೀ ಯಾರನ್ನೂ ಕೇಳದೆ ಆ ಮೋಟರು ಬಿಚ್ಚಿದರು. ತಮ್ಮದೇ ತಾಮ್ರ ಹಾಕಿ ಕಟ್ಟಿದರು. ಈ ನಾಲ್ಕು ತಿಂಗಳಲ್ಲಿ ನೀರು ಬಂದದ್ದು ಆಮೇಲಿನ ಮೂರು ದಿನ ಮಾತ್ರ. ನಾಲ್ಕನೆಯ ದಿನ ಮುಸ್ತಫಾ ಮೋಟರು ಕಿತ್ತೊಯ್ದು ತನ್ನ ಗೋದಾಮಿನಲ್ಲಿಟ್ಟು ಬೀಗ ಜಡಿದ. ಒಳಗಿನ ಒಳ್ಳೆ ತಾಮ್ರ ಕದ್ದು ಅಗ್ಗದ ಅಲ್ಯೂಮಿನಿಯಂ ಸುತ್ತಿದ್ದಾಳೆ ಎಂದು ಓಣಿ ತುಂಬ ಹೇಳಿದ.

ದೂರು ಹೊತ್ತು ಹೋದ ಹಜರಾಬೀಯ ಮಾತನ್ನೆಲ್ಲ ವಕೀಲೆ ಪರಿಮಳಾ ಕೋರ್ಟಿನ ಬೇವಿನ ಮರದ ಕೆಳಗೆ ಕೇಳಿಸಿಕೊಂಡರು. ನೀರು ನಿಲ್ಲಿಸುವುದು ತಪ್ಪು, ಅರ್ಜಿ ಹಾಕೋಣ ಎಂದರು. ಆದರೆ ಮೊದಲು ಸುಟ್ಟ ಮೋಟರಿನ ಫೋಟೊ ತೆಗೆದು, ರಿಪೇರಿ ಮಾಡಿಸಿ ಎಂದು ಮಾಲೀಕನಿಗೆ ಬರೆದು, ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಕಾಯಬೇಕಿತ್ತಂತೆ. ಮೋಟರಿಗೆ ಕೈ ಹಾಕುವುದು ಕೊನೆಗೆ. ಬಾಡಿಗೆ ಕರಾರು ಕೇಳಿದರು. ಹತ್ತೊಂಬತ್ತು ವರ್ಷ ಕೈಯಿಂದ ಕೈಗೆ ಕೊಟ್ಟ ಬಾಡಿಗೆಗೆ ಒಂದು ಚೀಟಿಯೂ ಇಲ್ಲ.

"ಕಾಗದ ಬರಿಯಾಕ ನನಗ ಬರಂಗಿಲ್ರಿ," ಅನ್ನುತ್ತಾರೆ ಹಜರಾಬೀ. "ಮೋಟರ್ ಕಟ್ಟಾಕ ಬರ್ತದ. ಬರೂದು ಮಾಡಿದೆ."

ಅರ್ಜಿ ಹೋಗಿದೆ, ತಾರೀಖು ಬಂದಿಲ್ಲ. ಸುರಪುರದ ಇಬ್ಬರು ಹಳೆ ಗಿರಾಕಿಗಳು ಕಟ್ಟಲು ಕೊಟ್ಟಿದ್ದ ಮೋಟರುಗಳನ್ನು ಹಾಗೇ ವಾಪಸು ಒಯ್ದರು. ಮುಸ್ತಫಾ ಹಬ್ಬಿಸಿದ ಮಾತು ಅಲ್ಲಿವರೆಗೂ ಹೋಗಿತ್ತು. ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮೋ ಎಂಬುದು ಆ ಮೋಟರಿನ ನಾಲ್ಕು ಬೋಲ್ಟು ಬಿಚ್ಚಿದರೆ ಐದು ನಿಮಿಷದಲ್ಲಿ ತಿಳಿಯುವ ಸತ್ಯ. ಆ ಗೋದಾಮಿನ ಬೀಗ ತೆಗೆ ಎಂದು ಹೇಳುವ ಗಂಡಸು ಇಡೀ ಓಣಿಯಲ್ಲಿ ಒಬ್ಬನೂ ಇಲ್ಲ.

ಮುಂದೇನು ಎಂದು ಕೇಳಿದರೆ ಹಜರಾಬೀ ಕೈಯಲ್ಲಿನ ತಂತಿ ಕೆಳಗಿಡುತ್ತಾರೆ.

"ಮನಿ ಹೋದ್ರ ಹೋಗ್ಲಿರಿ, ಎಲ್ಲ್ಯಾರ ಒಂದು ಖೋಲಿ ಸಿಗ್ತದ. ಆದ್ರ ನಾ ಹೋಗೂದ್ರಾಗ ಆ ಮೋಟರ್ ಹತ್ತ ಮಂದಿ ಮುಂದ ಬಿಚ್ಚಬೇಕು. ನಾ ಮುಟ್ಟಂಗಿಲ್ಲ, ದೂರ ನಿಂದರ್ತೀನಿ. ಒಳಗ ಏನದ ಅಂತ ಅವರೇ ನೋಡ್ಲಿ."