ಹೂವಮ್ಮನ ಅರ್ಧ ಗಂಟೆ

ಮೂವತ್ತನಾಲ್ಕು ವರ್ಷ ಹೊಸನಗರದ ಸುತ್ತಮುತ್ತ ಕಂಬ ಹತ್ತಿ ಇಳಿದ ಲೈನ್‌ಮನ್ ಭೂತಪ್ಪನಿಗೆ ದೇವರ ವಿಷಯದಲ್ಲಿ ಯಾವ ಗೊಂದಲವೂ ಇರಲಿಲ್ಲ. "ಕರೆಂಟೂ ಕಣ್ಣಿಗೆ ಕಾಣಲ್ಲ. ಆದ್ರೆ ಮುಟ್ಟಿದ್ರೆ ಹೊಡೀತದೆ. ನಿಮ್ಮ ದೇವರು ಯಾರಿಗೆ ಹೊಡ್ದಿದಾನೆ ಹೇಳಿ" ಎಂದು ಚಹಾದಂಗಡಿಯಲ್ಲಿ ಕೇಳುತ್ತಿದ್ದ.

ಹೆಂಡತಿ ಹೂವಮ್ಮ ಅವನೊಡನೆ ವಾದಕ್ಕಿಳಿದವಳೇ ಅಲ್ಲ. ಮದುವೆಯಾದ ವರ್ಷ ತೀರ್ಥಹಳ್ಳಿಯಲ್ಲಿ ತುಂಗೆಗೆ ಇಳಿದಾಗ ಕಾಲಿಗೆ ಸಿಕ್ಕಿದ ಕರಿಕಲ್ಲೊಂದನ್ನು ತಂದು, ಅಡುಗೆಮನೆಯ ಗೂಡಿನಲ್ಲಿಟ್ಟು, ಈಶ್ವರ ಎಂದಿದ್ದಳು. ದಿನಾ ಬೆಳಿಗ್ಗೆ ಒಂದು ಹೂವಿಟ್ಟು ಅದರೆದುರು ಅರ್ಧ ಗಂಟೆ ಕೂರುತ್ತಿದ್ದಳು. ಆ ಹೊತ್ತಿಗೆ ಭೂತಪ್ಪ ಡ್ಯೂಟಿಗೆ ಹೊರಟಾಗಿರುತ್ತಿತ್ತು.

ನಿವೃತ್ತನಾದ ಮೇಲೆ ಆ ಅರ್ಧ ಗಂಟೆ ಅವನ ಕಿವಿಗೆ ಬಿತ್ತು. ಮಂತ್ರವಲ್ಲ, ಮಾತು. ಸಾರಿಗೆ ಹುಳಿ ಹೆಚ್ಚಾದದ್ದು, ಅಕ್ಕನ ಮೇಲಿನ ಮುನಿಸು, ನಡುವೆ ಒಂದು ಸಣ್ಣ ನಗು. ಆ ಬಗೆಯ ನಗುವನ್ನು ಅವನು ಈ ಮನೆಯಲ್ಲಿ ಕೇಳಿಯೇ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕೇಳುವುದು ಅಭ್ಯಾಸವಾಯಿತು. ಇಲ್ಲದವನ ಮೇಲೆ ಎಂಥ ಹೊಟ್ಟೆಕಿಚ್ಚು ಎಂದು ತನ್ನನ್ನೇ ಬೈದುಕೊಂಡ. ಕಿಚ್ಚು ಆರಲಿಲ್ಲ.

ಒಂದು ದಿನ ಅವಳು ಕಲ್ಲಿಗೆ ಹೇಳುತ್ತಿದ್ದಳು: "ಎದೆಲಿರೋ ಗಂಟು ದೊಡ್ಡದಾಗ್ತಾ ಇದೆ ಮಾರಾಯ. ಮೂರು ತಿಂಗಳಾಯ್ತು."

ಭೂತಪ್ಪ ಒಳಗೆ ನುಗ್ಗಿದ. "ಆ ಕಲ್ಲಿಗೆ ಹೇಳ್ತೀಯ, ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ಅವನಿಗೆ ಹೇಳಿದ್ರೆ ಕೇಳ್ತಾನೆ. ನಿಮಗೆ ಹೇಳಿದ್ರೆ ಎದ್ದು ಓಡ್ತೀರಿ" ಎಂದಳು ಹೂವಮ್ಮ. ಅವನಾಗಲೇ ಶಿವಮೊಗ್ಗದ ಬಸ್ಸು ಎಷ್ಟು ಗಂಟೆಗೆಂದು ಕೇಳಲು ಮೊಬೈಲ್ ಕಿವಿಗಿಟ್ಟಿದ್ದ.

ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವೆಂದು ರಿಪೋರ್ಟ್ ಬಂತು. "ಈಶ್ವರ ಕಾಪಾಡಿದ" ಎಂದಳು. ಚೀಟಿ ಹಿಡಿದು ಕ್ಯೂ ನಿಂತವನು, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವನು ಭೂತಪ್ಪ, ಹೆಸರು ಮಾತ್ರ ಈಶ್ವರನಿಗೆ. ಸೀರೆ ತರಲು ಮನೆಗೆ ಬಂದಾಗ ಭೂತಪ್ಪ ಆ ಕಲ್ಲನ್ನೆತ್ತಿ ಹಳೆಯ ಟೂಲ್ ಬ್ಯಾಗಿಗೆ ತುರುಕಿದ.

ಹೂವಮ್ಮ ಮನೆಗೆ ಬಂದು ಮರುದಿನವೇ ಬರಿಗೂಡಿಗೆ ಹೂವಿಟ್ಟು ಮಾತಿಗೆ ಕೂತಳು. ಮೂರನೆಯ ದಿನ ಅವನಿಗೇ ತಡೆಯಲಾಗಲಿಲ್ಲ.

"ಕಲ್ಲು ಎಲ್ಲಿ ಅಂತ ಕೇಳಲ್ವಾ?"

"ನೀವು ಎತ್ತಿಟ್ಟಿದ್ದು ಗೊತ್ತು. ಕಲ್ಲು ನನ್ನ ಗುರುತಿಗೆ ಇದ್ದದ್ದು, ಅವನಿಗೆ ಬೇಕಂತ ಅಲ್ಲ."

"ಹಾಗಾದ್ರೆ ಅವನು ಎಲ್ಲಿದಾನೆ?"

"ಇದಾನೋ ಇಲ್ವೋ ಅಂತ ನಾ ಹುಡುಕಕ್ಕೆ ಹೋಗಿಲ್ಲ. ಹೇಳ್ಕೊಂಡ ಮೇಲೆ ಒಬ್ಳೇ ಇದೀನಿ ಅನ್ಸಲ್ಲ, ಅಷ್ಟೆ." ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಕೂತ್ಕಳಿ. ಎಂತದೂ ಮಾಡ್ಬೇಡಿ."

ಸುಮ್ಮನೆ ಕೂರುವುದು ಕಂಬ ಹತ್ತುವುದಕ್ಕಿಂತ ಕಷ್ಟವೆನಿಸಿತು. ಆದರೂ ಕಲ್ಲನ್ನು ತಂದಿಟ್ಟು ದಿನಾ ಕೂತ. ವಾರ ಕಳೆದ ಮೇಲೆ ಅವನ ಬಾಯಿಂದಲೇ ಮಾತು ಹೊರಟಿತು. ಇಪ್ಪತ್ತು ವರ್ಷದ ಹಿಂದೆ ಜೊತೆಗಾರ ನಟರಾಜ್ ಕರೆಂಟು ಹೊಡೆದು ಕಂಬದಿಂದ ಬಿದ್ದು ಸತ್ತಿದ್ದ. ಸತ್ತವನದೇ ತಪ್ಪು ಎಂದು ಇಲಾಖೆ ಕಡತ ಮುಚ್ಚಿತ್ತು.

"ಲೈನ್ ಆಫ್ ಆಗಿದೆ, ಕಂಬ ಹತ್ತು ಅಂದಿದ್ದು ನಾನು. ಇನ್ನೊಂದ್ಸಲ ನೋಡ್ಲಿಲ್ಲ."

ಹೂವಮ್ಮ ಒಲೆಯ ಮೇಲೆ ಹಾಲು ಉಕ್ಕಿದರೂ ಏಳಲಿಲ್ಲ.

ಮರುದಿನ ಭೂತಪ್ಪ ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದಾಗ ಒಳಗಿಂದ ಅವಳ ದನಿ ಕೇಳಿತು. "ಆ ನಟರಾಜನ್ನ ಚೆನ್ನಾಗಿ ನೋಡ್ಕೋ. ಇವರನ್ನೂ."

ಭೂತಪ್ಪನಿಗೆ ಮೈ ಉರಿಯಿತು. ಯಾರಿಗೂ ಹೇಳದ್ದನ್ನು ಅವಳೊಬ್ಬಳಿಗೆಂದು ಕೊಟ್ಟಿದ್ದ. ಅವಳು ಅದನ್ನೂ ಆ ಈಶ್ವರನಿಗೆ ಒಪ್ಪಿಸಿಬಿಟ್ಟಿದ್ದಳು. ಬಾಯಿಯ ನೊರೆ ಉಗುಳಿ ಒಳಗೆ ಹೋಗಬೇಕೆಂದವನು, ಗೂಡಿನಿಂದ ಮರುಮಾತೇನಾದರೂ ಬರುತ್ತದೆಯೋ ಎಂದು ಬಹಳ ಹೊತ್ತು ಕಿವಿಗೊಟ್ಟು ನಿಂತೇ ಇದ್ದ.