ದಪ್ಪ ಪಾದದ ಅಕ್ಷರಗಳು

ಬೀದಿಯವರೆಲ್ಲ ಅವನನ್ನು ಬೋರ್ಡ್ ಮಾಮ ಎಂದೇ ಕರೆಯುತ್ತಿದ್ದರು. ನಲವತ್ತು ವರ್ಷ ಅಂಗಡಿಗಳ ನೆತ್ತಿಯ ಮೇಲೆ ಹೆಸರು ಬರೆದು ಬರೆದು ಅವನ ಭುಜ ಬಿದ್ದುಹೋಗಿತ್ತು. ಬೆಳಿಗ್ಗೆ ಏಳುವಾಗಲೇ ಸಂಜೆಯ ಸುಸ್ತು.

ಒಂದು ಕಾಲಕ್ಕೆ ಅವನ ಅಕ್ಷರಗಳು ತೆಳ್ಳಗೆ, ನೂಲು ಹಿಡಿದಷ್ಟು ನೇರವಾಗಿ ಬರುತ್ತಿದ್ದವು. ಒಂಬತ್ತು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಗೀಟು ಎಳೆಯುವಾಗ ಹೇಗೋ ಸಂಭಾಳಿಸುತ್ತಿದ್ದ. ಕುಂಚ ನಿಲ್ಲಿಸುವಲ್ಲಿ ಮಾತ್ರ ಬಣ್ಣ ಆಚೆ ಜಾರುತ್ತಿತ್ತು. ಆ ಸೊಟ್ಟ ಮುಚ್ಚಲು ಗೀಟಿನ ತುದಿಗೆ ಇಟ್ಟಿಗೆಯಂಥ ದಪ್ಪ ಪಾದ ಬರೆದ. ಒಂದು ಅಕ್ಷರಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಆದೀತೇ? ಎಲ್ಲಕ್ಕೂ ಕೊಟ್ಟ. ಅಕ್ಷರಗಳು ಅಪ್ಪನ ಬೂಟು ತೊಟ್ಟ ಮಕ್ಕಳ ಹಾಗೆ ತುಸು ಓಲಾಡುತ್ತ ನಿಂತವು.

ತನ್ನ ಬೋರ್ಡಿನಲ್ಲಿ ಅವನ್ನು ನೋಡಿ ಆಟಿಕೆ ಅಂಗಡಿಯವನು ಕುಣಿದಾಡಿದ. ಐಸ್‌ಕ್ರೀಂ ಗಾಡಿಯವನಿಗೆ, ಕ್ಷೌರದಂಗಡಿಯವನಿಗೆ, ಬಿಸ್ಕತ್ತಿನವನಿಗೆ ಎಲ್ಲರಿಗೂ ಅದೇ ಬೇಕಾಯಿತು. ನಗುವ ಅಕ್ಷರ ಎಂದರು. ಬರೆಯುವವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ನಡುಕ ಗೊತ್ತಾದರೆ ಯಾರು ಕೆಲಸ ಕೊಡುತ್ತಾರೆ ಎಂಬ ಭಯ. ಏಣಿ ಹಿಡಿಯಲು ದಿನಾ ಜೊತೆಗೆ ಬರುವ ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಿದ್ದ.

ಒಂದು ದಿನ, ಕಂಪ್ಯೂಟರಿಗೆ ಅಕ್ಷರ ಮಾಡುವ ಆಫೀಸಿನ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು.

"ಮಾಮಾ, ನಿಮ್ಮ ಅಕ್ಷರದಲ್ಲಿ ಹಳೇ ಕಾಲದ ಗತ್ತೂ ಇದೆ, ತುಂಟತನಾನೂ ಇದೆ. ಪೋಸ್ಟರು, ಪುಸ್ತಕದ ಮುಖಪುಟ, ಜ್ಯೂಸ್ ಬಾಟ್ಲು, ಎಲ್ಲಾದಕ್ಕೂ ಒಪ್ಪುತ್ತೆ. ಇದನ್ನ ಕಂಪ್ಯೂಟರ್ ಫಾಂಟ್ ಮಾಡಿ ಅದಕ್ಕೆ ನಿಮ್ಮ ಹೆಸರೇ ಇಡ್ತೀವಿ. ಸೋಮವಾರ ಆಫೀಸಿಗೆ ಬಂದು ಒಂದೊಂದೇ ಅಕ್ಷರ ಬರೆದು ತೋರಿಸಿ. ಕೈ ಓಡೋದನ್ನ ಹತ್ತಿರದಿಂದ ವಿಡಿಯೋ ಮಾಡ್ಕೋತೀವಿ."

ಕೈ ಎಂದ ಕೂಡಲೇ ಅವನ ಜೀವ ಬಾಯಿಗೆ ಬಂತು. "ಸೊಂಟ ನೋವು, ಆಗಲ್ಲಮ್ಮ" ಎಂದು ಸಾಗಹಾಕಿದ.

ಹುಡುಗಿ ಹೋದ ಮೇಲೆ ಹೆಂಡತಿ ಕುಂಚ ತೊಳೆಯುತ್ತ ಕೇಳಿದಳು. "ಸೊಂಟಕ್ಕೂ ಅಕ್ಷರಕ್ಕೂ ಏನ್ರೀ ಸಂಬಂಧ?"

ಇನ್ನೊಂದು ಸುಳ್ಳು ಹೇಳಲು ಅವನಲ್ಲಿ ತ್ರಾಣ ಉಳಿದಿರಲಿಲ್ಲ. "ಕೈ ನಡುಗುತ್ತೆ ಕಣೇ. ಒಂಬತ್ತು ವರ್ಷ ಆಯ್ತು. ಆ ಪಾದ ಎಲ್ಲ ಅದನ್ನ ಮುಚ್ಚೋಕೆ."

ಅವಳು ತಲೆ ಎತ್ತಲಿಲ್ಲ. "ಏಣಿ ಹಿಡಿಯೋಳು ನಾನು. ನಿಮ್ಮ ನಡುಕ ಕೆಳಗಿನ ಮೆಟ್ಟಿಲವರೆಗೂ ಬರುತ್ತೆ. ಇಷ್ಟು ವರ್ಷ ಎರಡೂ ಕೈಲಿ ಅವುಚಿ ಹಿಡ್ಕೊಂಡಿದ್ದು ಯಾಕೆ ಅಂದ್ಕೊಂಡ್ರಿ?"

"ಮತ್ತೆ ಹೇಳ್ಲೇ ಇಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ನನಗೂ ತೋಳು ಸೋತಿದೆ."

ಅವಳ ಭುಜವೂ ತನ್ನ ಭುಜದಂತೆಯೇ ಬಿದ್ದುಹೋಗಿದೆ ಎಂಬುದು ಆಗಷ್ಟೇ ಅವನ ಕಣ್ಣಿಗೆ ಬಿತ್ತು. ನಾಚಿಕೆಯಾಯಿತು. ಎದೆಯ ಭಾರ ಇಳಿದದ್ದೂ ಸುಳ್ಳಲ್ಲ.

ಬರುತ್ತೇವೆಂದು ಹುಡುಗಿಗೆ ಹೇಳಿಕಳಿಸಿ, ಸೋಮವಾರ ಇಬ್ಬರೂ ಆಫೀಸಿಗೆ ಹೋದರು. ಹುಡುಗಿ ಕ್ಯಾಮೆರಾ ಸರಿಪಡಿಸಿದಳು.

"ನನ್ನ ಕೈ ನಡುಗುತ್ತಮ್ಮ. ಅದೂ ಕಾಣ್ಲಿ" ಎಂದು ಅವನು ಕುಂಚ ಅದ್ದಿದ.

ಅಲ್ಲಿ ಏಣಿ ಇರಲಿಲ್ಲ. ಆದರೂ ಹೆಂಡತಿ ಅಭ್ಯಾಸಬಲದಿಂದ ಬಂದು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಅವುಚಿ ನಿಂತಿದ್ದಳು. ಅವನು ಕುಂಚ ಕೆಳಗಿಟ್ಟು ಒಂದು ಕುರ್ಚಿ ಎಳೆದ.

"ಬಿಡೇ. ಇವತ್ತು ನೀನು ಕೂತ್ಕೋ."

ಅವಳು ಕೂತಳು. ಅವನು ನಡುಗುವ ಕೈಯಲ್ಲೇ ಮೊದಲ ಗೀಟು ಎಳೆದ.