ಸವಿತಾಳಿಗೆ ನಾನು ಕೇಳದ ಪ್ರಶ್ನೆ

ಗಂಗಕ್ಕ, ನಿಮ್ಮ ಮಗಳು ಸವಿತಾಳಿಗೆ ಆ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಕೇಳಿದೆ, ಅವಳು ‘ಇಲ್ಲ’ ಎಂದಳು ಎಂದು ಹತ್ತು ವರ್ಷಗಳಿಂದ ನಿಮಗೆ ಹೇಳುತ್ತ ಬಂದದ್ದು ಸುಳ್ಳು. ಡಾಕ್ಟರಿಗೆ ಹೇಳಿದ್ದೂ ಸುಳ್ಳು. ಫಾರ್ಮಿನಲ್ಲಿ ‘ಇಲ್ಲ’ ಎಂಬಲ್ಲಿ ಗೀಟು ಎಳೆದದ್ದು ನನ್ನ ಕೈ.

ಊರಿನ ಆಶಾ ಕಾರ್ಯಕರ್ತೆ ನಾನು. ಬಾಯಿ ಜೋರು ಎಂದೇ ನನಗೆ ಹೆಸರು. ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದೆಯೇ ಕಾಂಡೋಮ್, ಆಪರೇಷನ್ ಎಂದು ಎಗ್ಗಿಲ್ಲದೆ ಮಾತಾಡಿದವಳು. ಅವರೇ ನಾಚಿ ಎದ್ದು ಹೋಗುತ್ತಿದ್ದರು. ಮಾತು ಬಲ್ಲವ ಮಾಣಿಕ್ಯ ತಂದ ಎನ್ನುತ್ತಾರೆ — ಮಾತು ಬಲ್ಲ ನಾನು ನಿಮ್ಮ ಮನೆಗೆ ಏನು ತಂದೆ ನೋಡಿ.

ಆ ವರ್ಷ ಸವದತ್ತಿಯಲ್ಲಿ ನಮಗೆ ತರಬೇತಿ ಕೊಟ್ಟಿದ್ದರು. ಬಾಣಂತಿಯ ಮೈಯನ್ನಷ್ಟೇ ಅಲ್ಲ, ಮನಸ್ಸನ್ನೂ ವಿಚಾರಿಸಬೇಕು ಎಂದರು. ನಿದ್ದೆ, ಊಟ, ಅಳು, ಮಗುವಿನ ಮೇಲಿನ ಅಕ್ಕರೆ — ಹೀಗೆ ಕೆಲವು ಪ್ರಶ್ನೆ. ಕೊನೆಯದು, ಜೀವ ಬೇಡ ಅನ್ನಿಸಿದೆಯೇ ಎಂಬುದು. ‘ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೇ’ ಎಂದು ಡಾಕ್ಟರ್ ಮೇಡಂ ಎರಡು ಸಲ ಹೇಳಿದರು. ನಾನು ವಹಿಯಲ್ಲಿ ಬರೆದುಕೊಂಡೆ. ಬರೆದುಕೊಂಡೆ, ಗಂಗಕ್ಕ — ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಸವಿತಾ ಹಡೆದು ಇಪ್ಪತ್ತು ದಿನವಾಗಿತ್ತು. ನೀವು ಅಗ್ಗಿಷ್ಟಿಕೆಗೆ ಕೆಂಡ ತರಲು ಹಿತ್ತಲಿಗೆ ಹೋಗಿದ್ದಿರಿ. ಕೋಣೆಯಲ್ಲಿ ನಾವಿಬ್ಬರೇ, ಮತ್ತೆ ಕೂಸು. ಕೂಸು ಅಳುತ್ತಿದ್ದರೂ ಅವಳು ಆ ಕಡೆ ನೋಡುತ್ತಿರಲಿಲ್ಲ. ಅದನ್ನು ನಾನು ನೋಡಿದೆ. ನಿದ್ದೆ ಬರುತ್ತದೆಯೇ ಎಂದರೆ ‘ಇಲ್ರಿ’. ಊಟ ಸೇರುತ್ತದೆಯೇ ಎಂದರೆ ‘ಇಲ್ರಿ’. ಕೊನೆಯ ಪ್ರಶ್ನೆಗೆ ಬಂದಾಗ ನನ್ನ ನಾಲಿಗೆ ಏಳಲಿಲ್ಲ. ಬಾಣಂತಿಯ ಕೋಣೆಯಲ್ಲಿ ಸಾವಿನ ಮಾತೆತ್ತಬಾರದು, ಎತ್ತಿದರೆ ಅದು ಅಲ್ಲೇ ಉಳಿಯುತ್ತದೆ — ನನ್ನ ಅಜ್ಜಿ ಹೇಳಿದ್ದು, ನಾನು ಎಷ್ಟೋ ಮನೆಯಲ್ಲಿ ಹೇಳಿದ್ದು. ಗೀಟು ಎಳೆದು ಫಾರ್ಮ್ ಮಡಚಿದೆ.

ಸವಿತಾ ಪಿಯುಸಿ ಓದಿದವಳಲ್ಲವೇ — ನಾನು ಬರೆಯುವುದನ್ನು ಆ ಕಡೆಯಿಂದಲೇ ಓದುತ್ತಿದ್ದಳು.

“ಇನ್ನೊಂದು ಉಳದೈತಲ್ರಿ ಅಕ್ಕಾರ,” ಎಂದಳು. “ಅದನ್ನೂ ಕೇಳ್ರಿ.”

“ಬಿಡ್ತು ಅನ್ನವಾ! ಬಾಣಂತಿ ಖೋಲ್ಯಾಗ ಅಂಥಾ ಮಾತು ಆಡಬಾರದು. ಅದು ನಿನ್ನಂಥಾಕಿಗೆ ಅಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ “ಬಿಡ್ತು,” ಎಂದಳು, ಹೇಳಿಕೊಟ್ಟ ಪಾಠ ಒಪ್ಪಿಸುವ ಮಗುವಿನ ಹಾಗೆ. ಅಷ್ಟರಲ್ಲಿ ನೀವು ಕೆಂಡ ತಂದಿರಿ. ಮಗಳು ಹೇಗಿದ್ದಾಳೆ ಎಂದು ಕೇಳಿದಿರಿ. ಛಲೋ ಅದಾಳ್ರಿ ಎಂದು ಹೇಳಿ, ನೀವು ಕೊಟ್ಟ ಚಹಾ ಕುಡಿದು ನಾನು ಎದ್ದು ಬಂದೆ. ಮನಸ್ಸಿನ ಡಾಕ್ಟರು ಮುಂದಿನ ವಾರವೇ ಸವದತ್ತಿಗೆ ಬರುವವರಿದ್ದರು. ಯರಗಟ್ಟಿಗೆ ನಡೆದರೆ ಅಲ್ಲಿಂದ ಒಂದೇ ಬಸ್ಸು. ಕೈಹಿಡಿದು ಕರೆದುಕೊಂಡು ಹೋಗಿದ್ದರೆ —

ಎಂಟು ದಿನಕ್ಕೆ ಅವಳು ತನ್ನ ಜೀವ ತಾನೇ ಕಳೆದುಕೊಂಡಳು.

ವಿಚಾರಣೆಗೆ ಬಂದ ಡಾಕ್ಟರು ಫಾರ್ಮ್ ನೋಡಿ, ಕೇಳಿದ್ರಾ ಎಂದರು. ನೀವು ಕಂಬಕ್ಕೆ ಒರಗಿ ಕುಳಿತಿದ್ದಿರಿ. ಕೇಳಿದೆ, ಇಲ್ಲ ಎಂದಳು — ಎಂದೆ. ಕೆಲಸ ಹೋದೀತು ಎಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ ನಿಮ್ಮ ಕಣ್ಣಿನ ಭಯ. “ಅಕ್ಕಾರು ಕೇಳಿದ್ರೂ ಹೇಳಲಿಲ್ಲಲ್ಲ ನನ್ನ ಮಗಳು, ಎಂಥಾ ಗಟ್ಟಿ ಮನಸಿನಾಕಿ!” ಎಂದು ಎದೆ ಬಡಿದುಕೊಂಡಿರಿ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅಂದಿನಿಂದ ನಿಮ್ಮ ಬಾಯಲ್ಲಿ ಅವಳು ‘ಹೇಳದ ಹೋದಾಕಿ’. ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿ, ಅವಳ ಫೋಟೋವನ್ನೂ ಗೋಡೆಯಿಂದ ಇಳಿಸಿದಿರಿ. ಆ ಸಿಟ್ಟು ನನಗೆ ಸೇರಬೇಕಾದದ್ದು.

ಸವಿತಾಳ ಆ ಕೂಸು, ನಿಮ್ಮ ಅಕ್ಷತಾ, ಈಗ ಐದನೆಯ ತರಗತಿ. ಹೋದ ವಾರ ಶಾಲೆಗೆ ಕಬ್ಬಿಣದ ಗುಳಿಗೆ ಕೊಡಲು ಹೋಗಿದ್ದೆ. ಎಲ್ಲ ಮಕ್ಕಳೂ ಹೋದ ಮೇಲೆ ಅವಳೊಬ್ಬಳೇ ನಿಂತಳು.

“ನಮ್ಮವ್ವ ಖರೇನ ನಿಮಗೂ ಏನೂ ಹೇಳಲಿಲ್ಲೇನ್ರಿ?”

“ಇಲ್ಲವಾ,” ಎಂದೆ. ಹತ್ತು ವರ್ಷದ ರೂಢಿ, ತಾನಾಗಿಯೇ ಬಂತು.

“ಹಂಗಾರ ಆಕಿಗೆ ನಾನ ಬ್ಯಾಡಾಗಿದ್ದೆ,” ಎಂದಳು. ಅಳಲಿಲ್ಲ, ಗಂಗಕ್ಕ. ಲೆಕ್ಕ ಬಿಡಿಸಿ ಉತ್ತರ ಹೇಳಿದ ಹಾಗೆ ಹೇಳಿ ಹೊರಟುಹೋದಳು.

ಸವಿತಾ ಹೋದಾಗಿನಿಂದ ಪ್ರತಿ ಬಾಣಂತಿಯ ಬಳಿಯೂ ಬಾಗಿಲು ಮುಂದೆ ಮಾಡಿ ಆ ಪ್ರಶ್ನೆ ಕೇಳುತ್ತೇನೆ. ಇಬ್ಬರು ಹೌದು ಎಂದಿದ್ದಾರೆ, ಇಬ್ಬರೂ ಬದುಕಿದ್ದಾರೆ. ಇದನ್ನು ಹೇಳಿದ್ದು ನನ್ನ ತಪ್ಪು ಹಗುರಾಗಲಿ ಎಂದಲ್ಲ — ಅದು ಇನ್ನೂ ಭಾರವಾಗುತ್ತದೆ. ಅಂದರೆ ಸವಿತಾಳೂ…

ನಾಳೆ ಬೆಳಿಗ್ಗೆ ಅಕ್ಷತಾ ಶಾಲೆಗೆ ಹೋಗುವ ಮುಂಚೆ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸಿ ಎನ್ನುವುದಿಲ್ಲ, ಆ ಬಾಯಿ ನನಗಿಲ್ಲ. ನೀವು ಹೊರಗೆ ಹಾಕಿದರೂ ಸರಿ, ಊರು ಕೂಡಿಸಿದರೂ ಸರಿ, ಡಾಕ್ಟರ ಮುಂದೆ ನಾನೇ ಹೋಗಿ ಬರೆದುಕೊಡುತ್ತೇನೆ. ಆದರೆ ಮೊದಲು ಆ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಲು ಬಿಡಿ:

“ನಿಮ್ಮವ್ವ ಹೇಳಾಕ ಬಾಯಿ ತೆರದಿದ್ಲವಾ. ಮುಚ್ಚಿಸಿದಾಕಿ ನಾನು.”